ಬಿ.ಸಿ.ರೋಡ್ 'ಬಿಸಿ' ಆದದ್ದು ಹೇಗೆ?

ಮಧ್ಯಾಹ್ನ ಎರಡು ಗಂಟೆಗೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾದವರಿಗೆ ಊರಿನ ಹೆಸರಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಕಾಲಡಿ ಬಿಸಿ, ಬೆನ್ನಿಗೆ ಬಿಸಿ, ಧರ್ಮಸ್ಥಳದ ಬಸ್ಸು ತುಂಬಿಕೊಂಡೇ ಬಂದರೆ ಮಂಡೆಯೂ ಬಿಸಿ!

ಚಾದಂಗಡಿಯ ಬೆಂಚು ಪಂಡಿತರ ಪ್ರಕಾರ ಕಥೆ ಹೀಗುಂಟು. ಹಿಂದೆ ಒಬ್ಬ ಬಿಳಿ ದೊರೆ ಕುದುರೆ ಏರಿ ಮಂಗಳೂರಿಂದ ಘಟ್ಟದ ಕಡೆಗೆ ಹೊರಟನಂತೆ. ದಾರಿ ಎರಡಾಗುವಲ್ಲಿ ಇಳಿದು, ಬೂಟು ಕಳಚಿ, ನೆಲಕ್ಕೆ ಕಾಲಿಟ್ಟನಂತೆ. ಇಟ್ಟದ್ದೇ ತಡ, ಹಾರಿ ಪುನಃ ಕುದುರೆ ಮೇಲೆ! "ಈ ಜಾಗದ ಹೆಸರೇನು?" ಎಂದು ಇಂಗ್ಲಿಷಿನಲ್ಲಿ ಗುಡುಗಿದ. ಕಾಲು ಸುಟ್ಟದ್ದರ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದ ಜವಾನ ವಿನಯದಿಂದ "ಬಿಸಿ ದೊರೆಗಳೇ, ಬಿಸಿ" ಎಂದ. ಗುಮಾಸ್ತ 'ಬಿ.ಸಿ.' ಎಂದು ಬರೆದುಕೊಂಡ. ಆಗಿಹೋಯ್ತು ನಾಮಕರಣ!

ಎದುರು ಬೆಂಚಿನವರದ್ದು ಬೇರೆ ವಾದ. "ಬಿ.ಸಿ. ಅಂದ್ರೆ ಕ್ರಿಸ್ತಪೂರ್ವ ಮಾರಾಯ್ರೆ. ರಸ್ತೆ ಕೆಲಸ ಶುರುವಾದದ್ದು ಆವಾಗ, ಇನ್ನೂ ಮುಗಿದಿಲ್ಲ!"

ಎರಡೂ ಶುದ್ಧ ಬುರುಡೆ. ಚಾದ ಜೊತೆ ಪುಕ್ಕಟೆ ಸಿಗುವಂಥದ್ದು. ನಿಜ ಸಂಗತಿ ಇಷ್ಟೆ: ಬಂಟ್ವಾಳ ಕ್ರಾಸ್ ರೋಡ್. ಮಂಗಳೂರಿನ ಹೆದ್ದಾರಿ ಇಲ್ಲಿ ಕವಲಾಗುತ್ತದೆ. ಒಂದು ನೇತ್ರಾವತಿ ದಾಟಿ ಉಪ್ಪಿನಂಗಡಿ, ಶಿರಾಡಿಗಾಗಿ ಬೆಂಗಳೂರಿಗೆ. ಇನ್ನೊಂದು ಬಂಟ್ವಾಳ, ಬೆಳ್ತಂಗಡಿ ಹಾದು ಚಾರ್ಮಾಡಿಗೆ. ಇಲ್ಲಿಂದ ಮೂಡುಬಿದಿರೆಗೆ ಹೋಗುವವರಿಗೂ ಬಂಟ್ವಾಳದ್ದೇ ದಾರಿ. ಹೆದ್ದಾರಿಯ ನಂಬ್ರ 48 ಹೋಗಿ 75 ಆದರೂ ಕಂಡಕ್ಟರನ ಬಾಯಲ್ಲಿ 'ಬೀಸಿರೋಡ್' ಬದಲಾಗಲಿಲ್ಲ.

ಅದಿರಲಿ. ಇದೇ ಜಾಗಕ್ಕೆ 'ಜೋಡುಮಾರ್ಗ' ಎಂಬ ಚೆಂದದ ಹೆಸರೊಂದು ಉಂಟು. ಮೂಡಣದ ಬಿದಿರು ಮೂಡುಬಿದಿರೆ, ಪಡುವಣದ್ದು ಪಡುಬಿದ್ರಿ ಆದ ಹಾಗೆ, ಹೆಸರು ಕೇಳಿದರೇ ಜಾಗ ಕಣ್ಣಿಗೆ ಕಟ್ಟುತ್ತದೆ. ಆದರೆ ಅದೀಗ ಹೆಚ್ಚಾಗಿ ಅಂಚೆ ವಿಳಾಸಕ್ಕೆ. ಬಸ್ಸಿನಲ್ಲಿ ಜೋಡುಮಾರ್ಗಕ್ಕೆ ಟಿಕೆಟ್ ಕೇಳಿ ನೋಡಿ, ಕಂಡಕ್ಟರ್ ನಿಮ್ಮ ಮುಖ ನೋಡುತ್ತಾನೆ!

ರೈಲಿನವರದ್ದು ಮತ್ತೊಂದು ತಮಾಷೆ. ನಿಲ್ದಾಣ ಇಲ್ಲಿ, ಬೋರ್ಡು ಬಂಟ್ವಾಳದ್ದು. ತಾಲೂಕು ಬಂಟ್ವಾಳ, ತಾಲೂಕು ಕಚೇರಿ ಬಿ.ಸಿ.ರೋಡಿನಲ್ಲಿ. 1923ರ ನೆರೆ, 1974ರ ನೆರೆ ಎರಡನ್ನೂ ತಡೆದುಕೊಂಡ ಹೊಳೆದಂಡೆಯ ಹಳೆ ಪೇಟೆಗೆ, ಕ್ರಾಸಿನಲ್ಲೇ ಇಳಿದುಬಿಡುವ ಗಿರಾಕಿಗಳನ್ನು ತಡೆಯಲಾಗಲಿಲ್ಲ. ಅಪ್ಪನ ಹೆಸರನ್ನು ಇನಿಶಿಯಲ್ ಮಾಡಿಕೊಂಡು ಮಗ ದೊಡ್ಡವನಾದ ಹಾಗೆ, 'ಬಂಟ್ವಾಳ' ಹೋಗಿ ಬರೇ 'ಬಿ' ಉಳಿಯಿತು.

ಆದ್ದರಿಂದ ಅಂಗಡಿ ಯಜಮಾನರಲ್ಲಿ ಒಂದು ವಿಜ್ಞಾಪನೆ. ಮುಂದಿನ ಸಲ ಬೋರ್ಡಿಗೆ ಬಣ್ಣ ಹೊಡೆಸುವಾಗ ಬಿ.ಸಿ.ರೋಡಿನ ಪಕ್ಕ 'ಜೋಡುಮಾರ್ಗ' ಎಂದೂ ಬರೆಸಿ. ನಾಲ್ಕೇ ಅಕ್ಷರ, ಹೆಚ್ಚು ಖರ್ಚಿಲ್ಲ. ಇಲ್ಲದಿದ್ದರೆ ನಾಳೆ ನಮ್ಮ ಮೊಮ್ಮಕ್ಕಳು ಕಾಲು ಸುಟ್ಟುಕೊಂಡ ದೊರೆಯ ಕಥೆಯನ್ನೇ ಇತಿಹಾಸವೆಂದು ಪರೀಕ್ಷೆಯಲ್ಲಿ ಬರೆದಾರು!