ನಾಲ್ಕು ದಿನದ ಔತಣ

ಮನೆಯಲ್ಲಿ ಮದುವೆ. ಚಪ್ಪರದ ದಿನ ಆರಂಭವಾದ ಊಟೋಪಚಾರ ಬೀಗರ ಔತಣದವರೆಗೂ ನಡೆಯುತ್ತದೆ. ಎಲೆಯ ತುದಿಯಲ್ಲಿ ಚಿರೋಟಿ, ನಡುವೆ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಸಾಕೆಂದು ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿದರೇ ಉಪಚಾರವೆಂಬುದು ಬಹುಕಾಲದ ಭಾವನೆ. “ನಾಲ್ಕು ದಿನ ಉಂಡರೆ ಏನಾದೀತು? ಆಮೇಲೆ ಪಥ್ಯವಿದ್ದೇ ಇದೆ” ಎಂಬುದು ಎಲ್ಲರ ಸಮಾಧಾನ. ಈ ಸಮಾಧಾನ ಎಷ್ಟರಮಟ್ಟಿಗೆ ನಿಜ?

ಅಮೆರಿಕದ ಫಿಲಡೆಲ್ಫಿಯ ನಗರದ ಟೆಂಪಲ್ ವಿಶ್ವವಿದ್ಯಾನಿಲಯದ ವೈದ್ಯರು ಇಂಥದೇ ಪ್ರಶ್ನೆಗೆ ಪ್ರಯೋಗದಿಂದ ಉತ್ತರ ಹುಡುಕಿದರು. 2015ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರೋಗ್ಯವಂತರಾದ ಆರು ಮಂದಿ ಗಂಡಸರನ್ನು ಒಂದು ವಾರ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಇರಿಸಿ, ದಿನಕ್ಕೆ ಸುಮಾರು 6,000 ಕ್ಯಾಲೊರಿಗಳಷ್ಟು ಆಹಾರ ಕೊಡಲಾಯಿತು. ಇದು ಸಾಮಾನ್ಯ ಅಗತ್ಯದ ಎರಡು ಪಟ್ಟಿಗೂ ಮಿಗಿಲು. ವಾರ ಮುಗಿಯುವ ಹೊತ್ತಿಗೆ ಅವರ ತೂಕ ಸರಾಸರಿ ಮೂರೂವರೆ ಕಿಲೋ ಏರಿತ್ತು. ಅದು ನಿರೀಕ್ಷಿತವೇ. ಗಮನಾರ್ಹವಾದ ಸಂಗತಿ ಬೇರೆ: ಎರಡು ಮೂರು ದಿನಗಳಲ್ಲಿಯೇ ಅವರ ದೇಹ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದಾಗಿತ್ತು.

ಇನ್ಸುಲಿನ್ ಮೇದೋಜೀರಕಾಂಗದಲ್ಲಿ ಹುಟ್ಟುವ ರಸ. ಊಟದ ತರುವಾಯ ರಕ್ತಕ್ಕೆ ಸೇರಿದ ಸಕ್ಕರೆಯು ಸ್ನಾಯುವಿನ ಜೀವಕೋಶಗಳನ್ನು ಹೊಗಲು ಅದರ ಕರೆ ಬೇಕು. ಕರೆ ಬಂದೊಡನೆ ಸಕ್ಕರೆಯನ್ನು ಸಾಗಿಸುವ ಪ್ರೋಟೀನೊಂದು ಕೋಶದ ಹೊರಪೊರೆಗೆ ಬಂದು ನಿಂತು, ಸಕ್ಕರೆಗೆ ದಾರಿ ಮಾಡಿಕೊಡುತ್ತದೆ. ಆಹಾರ ಮಿತಿಮೀರಿದಾಗ ದೇಹದಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ರೂಪಗಳು ಈ ದ್ವಾರಪಾಲಕನನ್ನೇ ಕೆಡಿಸುತ್ತವೆ ಎಂಬುದರ ಕುರುಹು ಫಿಲಡೆಲ್ಫಿಯದ ಪ್ರಯೋಗದಲ್ಲಿ ದೊರೆಯಿತು. ಆಗ ಮೇದೋಜೀರಕಾಂಗ ಇನ್ನಷ್ಟು ಇನ್ಸುಲಿನ್ ಸುರಿಸಿ ಕೊರತೆಯನ್ನು ತುಂಬುತ್ತದೆ. ರಕ್ತದ ಸಕ್ಕರೆ ಹೊರನೋಟಕ್ಕೆ ಸರಿಯಾಗಿಯೇ ಇರಬಹುದು. ಹೀಗೆ ವರ್ಷಾನುಗಟ್ಟಲೆ ದುಡಿದು ಅದು ಸೋತಾಗ ತಲೆದೋರುವುದೇ ಮಧುಮೇಹ.

ತೂಕದ ಯಂತ್ರವನ್ನು ನಂಬಿ ನಿಶ್ಚಿಂತರಾಗಿರುವಂತೆಯೂ ಇಲ್ಲ. ಜರ್ಮನಿಯ ಟ್ಯೂಬಿಂಗನ್ನಿನ ಸಂಶೋಧಕರು ಆರೋಗ್ಯವಂತ ತರುಣರಿಗೆ ನಿತ್ಯದ ಊಟದ ಮೇಲೆ ಚಾಕೊಲೇಟು, ಚಿಪ್ಸುಗಳಂಥ ತಿಂಡಿಯನ್ನು ಐದು ದಿನ ಹೆಚ್ಚಾಗಿ ತಿನ್ನಿಸಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಏರಿಕೆಯಿರಲಿಲ್ಲ. ಯಕೃತ್ತಿನ ಕೊಬ್ಬು ಮಾತ್ರ ಏರಿತ್ತು. ಹಳೆಯ ಊಟಕ್ಕೆ ಮರಳಿ ಒಂದು ವಾರ ಕಳೆದರೂ ಇನ್ಸುಲಿನ್ನಿಗೆ ಅವರ ಮೆದುಳು ತೋರುವ ಪ್ರತಿಕ್ರಿಯೆ ಮೊದಲಿನಂತಾಗಿರಲಿಲ್ಲ.

ಹಾಗೆಂದು ನಾಲ್ಕು ದಿನದ ಔತಣದಿಂದಲೇ ಆರೋಗ್ಯವಂತನಿಗೆ ಸಕ್ಕರೆ ಕಾಯಿಲೆ ಬಂದುಬಿಡುವುದಿಲ್ಲ. ದೇಹಕ್ಕೆ ಕ್ಷಮಾಗುಣವಿದೆ. 1960ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಸೆರೆಮನೆಯಲ್ಲಿ, ತಾವಾಗಿ ಒಪ್ಪಿ ಬಂದ ಕೈದಿಗಳಿಗೆ ಡಾ. ಈಥನ್ ಸಿಮ್ಸ್ ತಿಂಗಳುಗಟ್ಟಲೆ ಅತಿಯಾಗಿ ಉಣಬಡಿಸಿದರು. ಮೈ ಬೆಳೆದಂತೆ ರಕ್ತದ ಇನ್ಸುಲಿನ್ ಏರಿತು. ತೂಕ ಇಳಿದಾಗ ಅದೂ ಇಳಿಯಿತು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದ 2013ರ ಪ್ರಯೋಗ ಇನ್ನೊಂದು ಭರವಸೆಯನ್ನು ನೀಡಿತು. ಇಪ್ಪತ್ತಾರು ತರುಣರ ಆಹಾರವನ್ನು ಒಂದು ವಾರ ಒಂದೂವರೆ ಪಟ್ಟು ಮಾಡಿ, ನಡಿಗೆಯನ್ನು ಕಡಿತಗೊಳಿಸಲಾಯಿತು. ಅವರಲ್ಲಿ ಕೆಲವರು ದಿನಕ್ಕೆ 45 ನಿಮಿಷ ಓಡಿದರು. ಓಟದಲ್ಲಿ ವ್ಯಯವಾದಷ್ಟನ್ನೂ ಊಟದಲ್ಲಿ ತುಂಬಿಕೊಟ್ಟಿದ್ದರೂ ಅವರ ಸಕ್ಕರೆಯ ಹತೋಟಿ ಬಹುಮಟ್ಟಿಗೆ ಉಳಿಯಿತು, ಕುಳಿತವರಲ್ಲಿ ಕೆಟ್ಟಿತು.

ಅಪಾಯವಿರುವುದು ಮರುಕಳಿಸುವಿಕೆಯಲ್ಲಿ. ಮದುವೆಯ ಬೆನ್ನಿಗೆ ಗೃಹಪ್ರವೇಶ, ಅದರ ಬೆನ್ನಿಗೆ ಹಬ್ಬ, ನಡುವೆ ಭಾನುವಾರದ ಹೋಟೆಲು. ಹಿಂದಿನದನ್ನು ದೇಹ ಸರಿಪಡಿಸಿಕೊಳ್ಳುವ ಮೊದಲೇ ಮುಂದಿನ ಎಲೆ ಹಾಕಿರುತ್ತದೆ. ಭಾರತೀಯರಿಗೆ ಇದು ಮತ್ತಷ್ಟು ಚಿಂತೆಯ ವಿಷಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯೂಡ್ಕಿನ್ 2004ರಲ್ಲಿ ತಮ್ಮಿಬ್ಬರ ಭಾವಚಿತ್ರವನ್ನು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಮೈಯ ಕೊಬ್ಬು ಆಂಗ್ಲ ವೈದ್ಯರಲ್ಲಿ ನೂರಕ್ಕೆ 9.1, ಭಾರತೀಯ ವೈದ್ಯರಲ್ಲಿ 21.2! ಸಪೂರವಾಗಿ ಕಾಣುವ ಮೈಯೊಳಗೂ ಕೊಬ್ಬು ಅಡಗಿರಬಹುದು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿರುವವರು 13.6 ಕೋಟಿ. ಹೊಸ್ತಿಲಲ್ಲಿ ನಿಂತವನಿಗೆ ನೋವಿಲ್ಲ, ಆಯಾಸವಿಲ್ಲ. ಎಷ್ಟೋ ವೇಳೆ ತಾನೆಲ್ಲಿ ನಿಂತಿರುವೆನೆಂಬ ಅರಿವೂ ಇಲ್ಲ. ಪಂಕ್ತಿಯಲ್ಲಿ ನಗುನಗುತ್ತ ಕುಳಿತ ಸೋದರಮಾವನೋ ದೊಡ್ಡಪ್ಪನೋ ಅವರಲ್ಲೊಬ್ಬರಾಗಿರಬಹುದು.

ಔತಣವನ್ನು ಬಿಡಬೇಕಾಗಿಲ್ಲ. ಒಂದು ಹೋಳಿಗೆಯಲ್ಲಿಯೂ ಹಬ್ಬವಿದೆ. ಊಟದ ಬಳಿಕ ಒಂದಿಷ್ಟು ನಡಿಗೆ, ಮರುದಿನ ಮಿತವಾದ ಆಹಾರ, ಮೂವತ್ತು ದಾಟಿದವರಿಗೆ ಆಗಾಗ ರಕ್ತಪರೀಕ್ಷೆ, ಇಷ್ಟು ಸಾಕು. ಬಡಿಸುವವರೂ ಒಂದು ಮಾತು ನೆನಪಿಡಬೇಕು: ಎಲೆಯ ಮೇಲೆ ಅತಿಥಿ ಕೈ ಅಡ್ಡ ಹಿಡಿದಾಗ ಅದನ್ನು ಸರಿಸದಿರುವುದೂ ಉಪಚಾರವೇ.