ಬಾನುಲಿಯಲ್ಲಿ ಕೇಳಿದ ಹಿರಿಯರ ನುಡಿ

ನಡೆಯ ಶುದ್ಧಿಗೆ ಇತ್ತಷ್ಟೇ ಮಹತ್ವವನ್ನು ನಮ್ಮ ಶರಣರು ನುಡಿಯ ಶುದ್ಧಿಗೂ ಇತ್ತರು. ಮಾತನ್ನು ಅಳೆದು ತೂಗಿ ಆಡುವ ಆ ಶಿಸ್ತನ್ನು ಕಳೆದ ಶತಮಾನದಲ್ಲಿ ಮನೆಮನೆಗೆ ಮುಟ್ಟಿಸಿದ ಸಾಧನಗಳಲ್ಲಿ ಬಾನುಲಿಯೂ ಒಂದು. ದೂರದರ್ಶನವು ಮನೆಗಳನ್ನು ತುಂಬುವುದಕ್ಕೆ ಮುನ್ನ, ಆಕಾಶವಾಣಿಯ ಭಾಷಣ, ಸಂದರ್ಶನ, ಚಿಂತನಗಳೇ ಎಷ್ಟೋ ಕುಟುಂಬಗಳಿಗೆ ವಿದ್ವಾಂಸರ ಸತ್ಸಂಗವನ್ನು ಒದಗಿಸಿದ್ದವು.

ಕನ್ನಡ ಬಾನುಲಿಯ ಕಥೆ ಆರಂಭವಾಗುವುದು ಅಧ್ಯಾಪಕರೊಬ್ಬರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ನಿವಾಸದಲ್ಲೇ 30 ವ್ಯಾಟ್ ಶಕ್ತಿಯ ಪುಟ್ಟ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರ ಧರಿಸಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ಭಾರತದ ಬಾನುಲಿಗೆ ಸಂದಿತು. 1950ರ ಜನವರಿ 8ರಂದು ಧಾರವಾಡ ಕೇಂದ್ರವೂ 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರವೂ ಆರಂಭವಾದವು. ವರಕವಿ ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿ, ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿ ಧಾರವಾಡ ಕೇಂದ್ರಕ್ಕೆ ಸೇವೆ ಸಲ್ಲಿಸಿದ್ದು ನಮಗೆಲ್ಲ ಅಭಿಮಾನದ ಸಂಗತಿ.

ಬಾನುಲಿ ಭಾಷಣವು ಸಭೆಯ ಭಾಷಣದಂತಲ್ಲ. ಮಾತುಗಾರರು ಮುಂಚಿತವಾಗಿ ಬರೆದು, ಹಸ್ತಪ್ರತಿಯನ್ನು ಕೇಂದ್ರಕ್ಕೆ ಒಪ್ಪಿಸಿ, ಗೊತ್ತುಪಡಿಸಿದ ನಿಮಿಷಗಳೊಳಗೆ ಮುಗಿಸಬೇಕಾಗಿತ್ತು. ಚಪ್ಪಾಳೆಯಿಲ್ಲ, ಎದುರಿಗೆ ಮುಖಗಳಿಲ್ಲ. ಘನ ಪಂಡಿತರೂ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿರುವ ತಾಯಿಗೆ ಅರ್ಥವಾಗುವಂತೆ ವಾಕ್ಯವನ್ನು ಚಿಕ್ಕದಾಗಿಸಲೇಬೇಕಾಯಿತು. ಸಂದರ್ಶನದಲ್ಲಾದರೋ ಪ್ರಶ್ನಿಸುವವರು ತಾವು ಹಿಂದೆ ಸರಿದು ಹಿರಿಯರನ್ನು ಮುಂದೆ ಮಾಡುತ್ತಿದ್ದರು. ಕೇಳುವುದೂ ಒಂದು ವಿದ್ಯೆಯೆಂಬುದನ್ನು ನಾವು ಅಲ್ಲಿಂದಲೇ ಕಲಿತೆವು.

ಆದರೆ ಆ ನುಡಿಗಳಲ್ಲಿ ಉಳಿದಿರುವುದೆಷ್ಟು? ಆರಂಭದ ಪ್ರಸಾರಗಳಲ್ಲಿ ಅನೇಕವು ನೇರವಾಗಿಯೇ ನಡೆದು ಗಾಳಿಯಲ್ಲಿ ಕರಗಿದವು. ಧ್ವನಿಸುರುಳಿ ಬಂದ ಮೇಲೂ ಅದು ದುಬಾರಿಯಾದುದರಿಂದ, ಹಳೆಯ ಮಾತನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುವ ರೂಢಿಯಿತ್ತು. ಮನ್ಸೂರರು ಹಾಡಿದ ವಚನಗಳು ಧ್ವನಿಮುದ್ರಿಕೆಗಳಲ್ಲಿ ಉಳಿದು ಇಂದಿಗೂ ನಮ್ಮನ್ನು ತಣಿಸುತ್ತಿವೆ. ವಚನಗಳ ಅರ್ಥವನ್ನು ಬಿಡಿಸಿ ಹೇಳಿದ ಎಷ್ಟೋ ಭಾಷಣಗಳಿಗೆ ಆ ಭಾಗ್ಯವಿಲ್ಲವಾಯಿತು.

ಈ ನಷ್ಟ ನಮ್ಮ ಸಮಾಜಕ್ಕೆ ಹೊಸತಲ್ಲ. ವಚನಗಳೂ ಒಂದು ಕಾಲಕ್ಕೆ ಮನೆ ಮಠಗಳ ತಾಡವೋಲೆಯ ಕಟ್ಟುಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಮಲಗಿದ್ದವು. ಡಾ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಅವರಿಗಾಗಿ ಕಟ್ಟು ಬಿಚ್ಚಿ ಕೊಟ್ಟ ಮನೆಗಳಿದ್ದುದರಿಂದಲೇ ಇಂದು ನಮ್ಮ ಮಕ್ಕಳ ಬಾಯಲ್ಲಿ ವಚನವಿದೆ.

ಈಗಿನ ಕಟ್ಟುಗಳು ಬೇರೆ ರೂಪದವು. ಅಜ್ಜನ ಟ್ರಂಕಿನಲ್ಲಿರುವ ಭಾಷಣದ ಹಸ್ತಪ್ರತಿ, ರೇಡಿಯೋದಿಂದ ಮುದ್ರಿಸಿಕೊಂಡ ಕ್ಯಾಸೆಟ್ಟು, ಆಕಾಶವಾಣಿಯ ಕರಾರುಪತ್ರ, ಇವೇ ಅವು. ಕ್ಯಾಸೆಟ್ಟಿನ ಕಾಂತೀಯ ಲೇಪ ಕಾಲಕ್ರಮದಲ್ಲಿ ಸವೆಯುತ್ತದೆ. ತೇವದಿಂದ ಬೂಷ್ಟು ಹಿಡಿಯುತ್ತದೆ. ಆದುದರಿಂದ ಅವನ್ನು ತಂಪಾದ, ಒಣ ಸ್ಥಳದಲ್ಲಿ, ಧ್ವನಿವರ್ಧಕ ಮುಂತಾದ ಅಯಸ್ಕಾಂತವಿರುವ ವಸ್ತುಗಳಿಂದ ದೂರವಿಡಬೇಕು. ಪದೇ ಪದೇ ಹಾಕಿ ಕೇಳುವ ಮುನ್ನ, ಬಲ್ಲವರಿಂದ ಗಣಕಯಂತ್ರಕ್ಕೆ ಪ್ರತಿಮಾಡಿಸಬೇಕು. ಮಾತನಾಡಿದವರಾರು, ವಿಷಯವೇನು, ವರ್ಷ ಯಾವುದು ಎಂಬುದನ್ನು ತಿಳಿದವರು ಇರುವಾಗಲೇ ಬರೆದಿಡಬೇಕು. ಹೆಸರಿಲ್ಲದ ಧ್ವನಿ ಮುಂದಿನ ತಲೆಮಾರಿಗೆ ಬರಿಯ ಸದ್ದಾದೀತು.

ಬಂಧುಗಳೇ, ಹಿರಿಯರ ಭಾವಚಿತ್ರಕ್ಕೆ ಮಾಲೆ ಹಾಕುವುದನ್ನು ನಾವು ಮರೆಯುವುದಿಲ್ಲ. ಅವರ ನುಡಿಯನ್ನು ಕಾಯುವುದೂ ಅಷ್ಟೇ ದೊಡ್ಡ ಗೌರವ. ಈ ತಿಂಗಳು ಮನೆಯ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡೋಣ.