ಧರ್ಮಕೇಂದ್ರಕ್ಕೆ ಹೊಸ ಗುರುಗಳು ಬಂದಾಗ

ಕಚೇರಿಗೆ ಹೊಸ ಮೇಲಧಿಕಾರಿ ಬಂದರೆ ಗುಮಾಸ್ತರಿಗೆ ಕಾತರ. ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರೆ ಮಕ್ಕಳಿಗೆ ಕಾತರ. ಕ್ಯಾಥೊಲಿಕ್ ಧರ್ಮಕೇಂದ್ರವೊಂದಕ್ಕೆ ಹೊಸ ವಿಚಾರಣಾ ಗುರುಗಳು ಬಂದರೆ ಈ ಎರಡು ಕಾತರಗಳೂ ಒಟ್ಟಿಗೇ ಹುಟ್ಟುತ್ತವೆ. ಏಕೆಂದರೆ ಎಷ್ಟೋ ಕಡೆ ಚರ್ಚೂ ಶಾಲೆಯೂ ಒಂದೇ ಆವರಣದಲ್ಲಿರುತ್ತವೆ. ಚರ್ಚಿನ ಗುರುಗಳೇ ಶಾಲೆಯ ಮ್ಯಾನೇಜರರೂ ಆಗಿರುತ್ತಾರೆ. ಪರಊರಿನಲ್ಲಿರುವ ನಮ್ಮ ಕನ್ನಡ ಕುಟುಂಬಗಳು ಮತಭೇದವೆಣಿಸದೆ ಇಂಥ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವುದರಿಂದ, ಈ ಸ್ವಾಗತದ ಮಾತು ಕ್ರೈಸ್ತ ಬಂಧುಗಳಿಗೆ ಮಾತ್ರ ಸೇರಿದ್ದೆಂದು ಹೇಳುವಂತಿಲ್ಲ.

ಗುರುಗಳನ್ನು ಊರವರು ಆರಿಸುವುದಿಲ್ಲ. ನೇಮಿಸುವವರು ಧರ್ಮಾಧ್ಯಕ್ಷರು, ಎಂದರೆ ಬಿಷಪ್ಪರು. ಕೆಲವು ವರ್ಷಗಳಿಗೊಮ್ಮೆ ವರ್ಗ ಮಾಡುವ ಪದ್ಧತಿ ಹಲವು ಧರ್ಮಪ್ರಾಂತ್ಯಗಳಲ್ಲಿ ಉಂಟು. ಎಪ್ಪತ್ತೈದು ವರ್ಷ ತುಂಬಿದ ಗುರುಗಳು ತಾವಾಗಿಯೇ ರಾಜೀನಾಮೆ ಸಲ್ಲಿಸಬೇಕೆಂದು ನಿಯಮವಿದೆ. ಅಧಿಕಾರ ಸ್ವೀಕಾರದ ದಿನ ಬಿಷಪ್ಪರಾಗಲಿ ಅವರ ಪ್ರತಿನಿಧಿಯಾಗಲಿ ಬಂದು ನೇಮಕದ ಪತ್ರವನ್ನು ಸಭೆಗೆ ಓದುತ್ತಾರೆ. ಹೊಸ ಗುರುಗಳು ಎಲ್ಲರೆದುರು ವಿಶ್ವಾಸದ ಪ್ರತಿಜ್ಞೆ ಮಾಡುತ್ತಾರೆ. ಚರ್ಚಿನ ಬೀಗದ ಕೈ ಕೊಡುವುದು, ಜ್ಞಾನಸ್ನಾನದ ತೊಟ್ಟಿ, ಪಾಪನಿವೇದನೆಯ ಪೀಠ, ಬಲಿಪೀಠ ಇವುಗಳ ಬಳಿಗೆ ಕರೆದೊಯ್ಯುವುದು ಮೊದಲಾದ ಪದ್ಧತಿಗಳು ಊರಿಂದೂರಿಗೆ ತುಸು ಬೇರೆಯಾಗುತ್ತವೆ. ಬಲಿಪೂಜೆಯ ನಂತರ ಹಾರ, ಶಾಲೆಯ ಮಕ್ಕಳ ಹಾಡು, ಚಹ ಇವು ಎಲ್ಲಿಯೂ ತಪ್ಪುವುದಿಲ್ಲ.

ಹಾರತುರಾಯಿಯ ಹಿಂದೆ ಇನ್ನೊಂದು ಕೆಲಸವಿದೆ. ಗುಮಾಸ್ತನಾದ ನನಗೆ ಅದೇ ಹೆಚ್ಚು ಹಿಡಿಸಿತು: ಚಾರ್ಜು ಕೊಡುವ ಕೆಲಸ. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಜ್ಞಾನಸ್ನಾನ, ಮದುವೆ, ಮರಣ ಇವುಗಳ ದಫ್ತರಗಳು ಪ್ರತಿ ಧರ್ಮಕೇಂದ್ರದಲ್ಲಿಯೂ ಇರಬೇಕು. ಆಸ್ತಿಯ ಪಟ್ಟಿ ಸರಿಯಾಗಿರಬೇಕು. ಲೆಕ್ಕಪತ್ರದಲ್ಲಿ ಗುರುಗಳಿಗೆ ನೆರವಾಗಲು ಒಂದು ಹಣಕಾಸು ಸಮಿತಿ ಇರಲೇಬೇಕು. ಗುರುಗಳು ಬದಲಾಗುತ್ತಾರೆ, ದಫ್ತರ ಉಳಿಯುತ್ತದೆ. ಊರು ಬಿಟ್ಟ ನಮ್ಮಂಥವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗಬೇಕು. ಮಂಗಳೂರಿನ ಇಗರ್ಜಿಯಲ್ಲಿ ಜ್ಞಾನಸ್ನಾನವಾದ ಹುಡುಗಿಗೆ ಮುಂಬಯಿಯಲ್ಲಿ ಮದುವೆಯಾದರೆ, ಆ ಸುದ್ದಿ ಮಂಗಳೂರಿಗೆ ಹೋಗಿ ಅವಳ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿ ನಮೂದಾಗಬೇಕು. ಎಲ್ಲಿಯೇ ಹೋಗಿ ನೆಲಸಿದರೂ ಹುಟ್ಟೂರಿನ ಪುಸ್ತಕದಲ್ಲಿ ಅವಳ ಹೆಸರಿಗೆ ಒಂದು ಸಾಲು ಕಾದಿರುತ್ತದೆ.

ಗುರುಗಳ ಕರ್ತವ್ಯವನ್ನು ಹೇಳುವಾಗ ಅದೇ ಸಂಹಿತೆಯು ಮನೆಮನೆಗೆ ಹೋಗಿ ಕುಟುಂಬಗಳನ್ನು ಅರಿಯಬೇಕೆನ್ನುತ್ತದೆ. ಬಡವರು, ರೋಗಿಗಳು, ನಾಡು ಬಿಟ್ಟು ಬಂದವರು ಇವರ ಕಡೆ ವಿಶೇಷ ಗಮನವಿರಬೇಕೆಂದೂ ವಿಧಿಸುತ್ತದೆ. ಕನ್ನಡ ನಾಡಿಗೆ ಬಂದ ಹೊಸ ಗುರುಗಳಲ್ಲಿ ಜನರ ನೆನಪಿನಲ್ಲಿ ಉಳಿದವರು ಹೀಗೆ ನಡೆದವರೇ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ನೆಲಸಿದರು. ನಮ್ಮವರ ಉಡುಪು ತೊಟ್ಟರು, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸಕ್ಕೆ ದುಡಿದರು, ಜನರಿಂದ ‘ದೊಡ್ಡ ಸ್ವಾಮಿ’ ಎನ್ನಿಸಿಕೊಂಡರು. 1878ರ ಕೊನೆಯಲ್ಲಿ ಜೆಸುಯಿಟ್ ಗುರುಗಳು ಮಂಗಳೂರಿಗೆ ಬಂದರು. ಹದಿಮೂರು ತಿಂಗಳು ಕಳೆಯುವುದರೊಳಗೆ, 1880ರ ಜನವರಿಯಲ್ಲಿ, ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಅವರಲ್ಲೊಬ್ಬರಾದ ಮಾಫೆಯಿಯವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಬಂದವರು ಮೊದಲು ಜನರ ಮಾತು ಕಲಿತರು ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಉಪನಗರದ ಮಾತು. ಇಲ್ಲಿಯ ಚರ್ಚಿನ ಶಾಲೆಯಲ್ಲಿ ಹಿಂದಿನ ಗುರುಗಳು ಹೋಟೆಲಿನಲ್ಲಿ ದುಡಿಯುವವರ ಮಕ್ಕಳ ಫೀಸನ್ನು ನಾಲ್ಕು ಕಂತುಗಳಲ್ಲಿ ಕಟ್ಟಲು ಬಿಡುತ್ತಿದ್ದರು. ಅರ್ಜಿಯಿಲ್ಲ, ಆದೇಶವಿಲ್ಲ, ಎಲ್ಲವೂ ಬಾಯಿಮಾತು. ಅವರಿಗೆ ವರ್ಗವಾಯಿತೆಂಬ ಸುದ್ದಿ ಬಂದ ಸಂಜೆ ನೆರೆಮನೆಯ ಕುಂದಾಪುರದ ತಾಯಿಯೊಬ್ಬರು, “ಅಣ್ಣಾ, ಹೊಸ ಪಾದ್ರಿಗಳು ಇದಕ್ಕೆಲ್ಲ ಒಪ್ತ್ರಾ?” ಎಂದು ಕೇಳಿದರು. ಅವರ ಭಯ ಸುಳ್ಳಲ್ಲ. ಶಿಕ್ಷಣ ಹಕ್ಕಿನ 2009ರ ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದುದರಿಂದ ಇಂಥ ಕಡೆ ರಿಯಾಯಿತಿಯು ಬಹುಮಟ್ಟಿಗೆ ಆಡಳಿತದವರ ಮನಸ್ಸನ್ನೇ ಅವಲಂಬಿಸಿರುತ್ತದೆ.

ಹೊರಡುವ ಮೊದಲು ಹಳೆಯ ಗುರುಗಳೇ ಈ ಪದ್ಧತಿಯನ್ನು ಒಂದು ಕಾಗದದಲ್ಲಿ ಬರೆದಿಡಲಿ ಎಂದು ಪಾಲಕರ ಸಭೆಯಲ್ಲಿ ಸೂಚನೆ ಬಂದಿತು. ಕೆಲವರು ಮುಖ ತಗ್ಗಿಸಿದರು. “ಬಡವರ ಪಟ್ಟಿಯಲ್ಲಿ ನಮ್ಮ ಮಕ್ಕಳ ಹೆಸರು ಬೇಡ” ಎಂದರು. ಅದೂ ನ್ಯಾಯವೇ. ಕಡೆಗೆ ಹೆಸರುಗಳನ್ನು ಮುಖ್ಯೋಪಾಧ್ಯಾಯಿನಿಯವರ ಬಳಿ ಮುಚ್ಚಿದ ಲಕ್ಕೋಟೆಯಲ್ಲಿಟ್ಟು, ಪದ್ಧತಿಯನ್ನಷ್ಟೇ ಕಾಗದಕ್ಕಿಳಿಸಲಾಯಿತು. ಹೊಸ ಗುರುಗಳು ಅದನ್ನು ಓದಿ, ಮಕ್ಕಳು ತಪ್ಪದೆ ಶಾಲೆಗೆ ಬರುವರೋ ಎಂದು ಕೇಳಿದರು. ಈ ವರ್ಷ ಹಾಗೆಯೇ ನಡೆಯಲಿ, ಮುಂದಿನದನ್ನು ಸಮಿತಿಯ ಮುಂದಿಟ್ಟು ತೀರ್ಮಾನಿಸೋಣ ಎಂದರು. ಪೂರ್ತಿ ನೆಮ್ಮದಿಯ ಉತ್ತರವಲ್ಲ. ಆದರೂ ಕೇಳುವುದಕ್ಕೆ ಈಗ ಒಂದು ಆಧಾರವಿದೆ.

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ನೆರೆಯ ಚರ್ಚಿಗೆ ಹೊಸ ಗುರುಗಳು ಬಂದಾಗ ಹಾರ ಹಾಕಿ ಬನ್ನಿ. ಅದು ಒಂದು ದಿನದ ಮರ್ಯಾದೆ. ಅನಂತರದ ವಾರದಲ್ಲಿ ಮನೆಯವರೊಡನೆ ಹೋಗಿ, ನಾವು ಇಂಥ ಊರಿನವರು, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುವವರು, ನಮ್ಮ ಮಗು ಇಂಥ ತರಗತಿಯಲ್ಲಿದೆ ಎಂದು ತಿಳಿಸಿರಿ. ಹಿಂದಿನವರೊಡನೆ ಅವರನ್ನು ಹೋಲಿಸಲು ಅವಸರಪಡಬೇಡಿ. ಅವರೂ ಒಂದು ಊರು ಬಿಟ್ಟು ಇನ್ನೊಂದಕ್ಕೆ ಬಂದವರು. ಹೊಸ ಜಾಗದಲ್ಲಿ ಮೊದಲ ತಿಂಗಳು ಹೇಗಿರುತ್ತದೆಂಬುದು ನಮಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?